ಎಣ್ಣೆಯಲ್ಲಿ ನೀರು

ದೀಪ ಕಾಯ್ದೆ ಬಂದ ಮೇಲೆ ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಜನ ಎದುರಾದಾಗ ಊಟವಾಯಿತೇ ಎಂದು ಕೇಳುವ ಮೊದಲೇ ಗಾಡಿಯ ಕ್ಷೇಮ ಕೇಳುವುದು ರೂಢಿಯಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಎಂಜಿನ್ ಆಕಾರದ ಹಳದಿ ದೀಪ ಹತ್ತಿದರೆ, ಅದರ ಮೇಲೊಂದು ದೇವರ ಸ್ಟಿಕ್ಕರ್ ಅಂಟಿಸಿ ತಿಂಗಳುಗಟ್ಟಲೆ ಓಡಿಸುತ್ತಿದ್ದ ಕಾಲ ಮುಗಿದಿತ್ತು. ದೀಪ ಹತ್ತಿದ ಕ್ಷಣವೇ ಗಾಡಿ ತಾನಾಗಿ ಹುಬ್ಬಳ್ಳಿಯ ವಾಹನ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಸಣ್ಣ ದೋಷಕ್ಕೆ ಮೂರು ದಿನದ ಗಡುವು. ದೊಡ್ಡ ದೋಷಕ್ಕೆ ಹತ್ತು ನಿಮಿಷ. ಅಷ್ಟರೊಳಗೆ ಗಾಡಿ ವೇಗ ತಗ್ಗಿಸಿ, ರಸ್ತೆಯ ಬದಿ ಹಿಡಿದು ನಿಂತುಬಿಡುತ್ತಿತ್ತು. ಕೇಂದ್ರದವರು ಬೀಗ ತೆಗೆಯುವ ತನಕ ಮತ್ತೆ ಚಾಲೂ ಆಗುತ್ತಿರಲಿಲ್ಲ. ಮದುವೆಯ ದಿಬ್ಬಣ ಹೊರಡಿಸುವವರು ಹಿಂದಿನ ದಿನವೇ ಗಾಡಿಗಳನ್ನೆಲ್ಲ ಗ್ಯಾರೇಜಿಗೆ ಕಳಿಸಿ ತೋರಿಸುತ್ತಿದ್ದರು. ಕಾಯ್ದೆಯನ್ನು ಬೈಯದವರಿಲ್ಲ. ಆದರೆ ರಸ್ತೆಯ ಸಾವುಗಳು ಅರ್ಧಕ್ಕರ್ಧ ಇಳಿದಿದ್ದನ್ನು ಬೈಯುವವರೂ ಒಪ್ಪುತ್ತಿದ್ದರು.

ಆ ಕೇಂದ್ರದಲ್ಲಿ ಹಗಲು ಪಾಳಿಯ ಹಿರಿಯ ಪರೀಕ್ಷಕಿ ದ್ರಾಕ್ಷಾಯಣಿ ಕಮ್ಮಾರ. ಐವತ್ತರ ಹೆಂಗಸು. ಕೂದಲು ಅರ್ಧ ನೆರೆತಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಅವಳು ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಳು. ಒಂದು ಬೆಳಿಗ್ಗೆ, ಆಯಿಲ್ ಬದಲಿಸಿ ಹೊರಟು ನಿಂತ ಬಸ್ಸಿನಲ್ಲಿ ಈ ದೀಪ ಹತ್ತಿತು. ಆಯಿಲ್ ಬದಲಿಸಿದ ಮೇಲೆ ದೀಪ ಸುಮ್ಮನೆ ಹತ್ತುವುದುಂಟು. ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ, ಯಾವುದೋ ತಂತಿಗೆ ಕೈ ತಾಗಿರುತ್ತದೆ. "ಏನಾಗಂಗಿಲ್ಲ, ನಡೀರಿ" ಎಂದು ಅವಳು ದೀಪ ಆರಿಸಿ ಕಳಿಸಿದಳು. ಕೆಳಗಿನ ಬೋಲ್ಟಿಗೆ ವಾಷರ್ ಹಾಕಿರಲಿಲ್ಲ. ಆಯಿಲೆಲ್ಲ ಸೋರಿ, ಘಟ್ಟದ ಇಳಿಜಾರಿನಲ್ಲಿ ಎಂಜಿನ್ ಬಿಗಿದುಕೊಂಡಿತು. ಚಾಲಕ, ಮುಂದಿನ ಸೀಟಿನ ಇಬ್ಬರು, ಒಟ್ಟು ಮೂರು ಜನ ಹೋದರು. ಕಾಯ್ದೆಯ ಕರಡು ಬರೆಯುವ ಸಮಿತಿಗೆ ಅವಳನ್ನು ಕರೆದಾಗ, ದೊಡ್ಡ ದೋಷಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು ಎಂದು ಹಟ ಹಿಡಿದವಳು ಅವಳೇ.

ಆ ಬುಧವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಮನೆಯಿಂದ ಫೋನ್ ಬಂತು. ಗಂಡ ವಿರೂಪಾಕ್ಷ ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವನಲ್ಲ. ಚಿತ್ರಕಲಾ ಮೇಷ್ಟ್ರಾಗಿ ನಿವೃತ್ತನಾದ ಅವನಿಗೆ ಮನೆಯ ರಿಪೇರಿಯೆಲ್ಲ ತಾನೇ ಮಾಡುವ ಹುಚ್ಚು.

"ನಮ್ಮ ಗಾಡಿ ದೀಪ ಹತ್ತೈತಿ ನೋಡು," ಎಂದ. "ಕಾಯಿಪಲ್ಯ ತರಾಕ ತಗದಿದ್ದೆ. ಗೇಟ್ ದಾಟಿ ಆ ಕಡೆ ನಿಂತೈತಿ. ನಿಮ್ಮ ಯಂತ್ರ ಎಣ್ಣ್ಯಾಗ ನೀರು ಅಂತೈತಿ."

"ನಿನ್ನೆ ನೀವ ಆಯಿಲ್ ಬದಲ್ ಮಾಡಿದ್ರಿ."

"ಹೌದು, ನಾನ ಮಾಡೇನಿ. ನಿನ್ನೆ ಒಂದನೇ ತಾರೀಖಿಂದ ಹೊಂಗಿ ಎಣ್ಣೀದ ಆಯಿಲ್ಲೇ ಹಾಕ್ಬೇಕು ಅಂದಾರಲ್ಲ, ಅದನ್ನ ತಂದೆ. ಡಬ್ಬಿ ಸೀಲ್ ನಾನ ಒಡದೇನಿ. ಜೇನುತುಪ್ಪದಂಗ ಇತ್ತು. ನೀರು ಎಲ್ಲಿಂದ ಬರ್ಬೇಕು?"

"ಮುಟ್ಟಬ್ಯಾಡ್ರಿ ಅದನ್ನ. ನಾ ಬಂದು ನೋಡ್ತೀನಿ."

ಫೋನ್ ಇಟ್ಟು ಅವಳು ಗೋಡೆಯಗಲದ ಪರದೆ ನೋಡಿದಳು. ಏಳು ಜಿಲ್ಲೆಗಳ ಗಾಡಿಗಳು ಅದರ ಮೇಲೆ ಚುಕ್ಕೆಗಳಾಗಿ ಹರಿದಾಡುತ್ತಿದ್ದವು. 'ಎಣ್ಣೆಯಲ್ಲಿ ನೀರು' ಎಂಬ ದೋಷ ದಿನಕ್ಕೆ ಎರಡೋ ಮೂರೋ ಬರುವಂಥದ್ದು. ರೇಡಿಯೇಟರಿನ ನೀರು ಒಳಗೊಳಗೇ ಸೋರಿ ಎಂಜಿನ್ನಿನ ಎಣ್ಣೆಗೆ ಸೇರಿದರೆ, ಎಣ್ಣೆ ಮಜ್ಜಿಗೆಯಂತೆ ತೆಳ್ಳಗಾಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಓಡುವ ಎಂಜಿನ್ ಒಮ್ಮೆಲೇ ಬಿಗಿದುಕೊಳ್ಳುತ್ತದೆ. ಬಸ್ಸಿಗೆ ಆದದ್ದೂ ಹೆಚ್ಚು ಕಡಿಮೆ ಅದೇ. ಇವತ್ತು ಇನ್ನೂ ಒಂಬತ್ತೂವರೆಯಾಗಿಲ್ಲ, ಆಗಲೇ ನಲವತ್ತೊಂದು ಕೆಂಪು ಚುಕ್ಕೆ.

ಕೇಂದ್ರದ ಮುಖ್ಯಸ್ಥ ಇನಾಮದಾರರು ಬೆಂಗಳೂರಿನ ಸಭೆಯೊಂದರಲ್ಲಿದ್ದರು. ಫೋನಿನಲ್ಲೇ ಹೇಳಿದರು: "ಯಾರೋ ಆಯಿಲಿಗೆ ನೀರು ಕಲಸಿ ಮಾರ್‍ಯಾರ್‍ರಿ, ಕಲಬೆರಕಿ. ಒಂದೂ ಬೀಗ ತಗೀಬ್ಯಾಡ್ರಿ. ನಾ ಪೊಲೀಸ್ರಿಗೆ ಹೇಳ್ತೀನಿ."

ಅದೂ ಇರಬಹುದು ಎಂದುಕೊಂಡಳು. ಆದರೆ ಸೀಲ್ ಒಡೆದದ್ದು ತಾನೇ ಎಂದು ವಿರೂಪಾಕ್ಷ ಹೇಳಿದ್ದ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಒಂಬತ್ತೂ ನಲವತ್ತಕ್ಕೆ ನಲವತ್ತೆರಡನೆಯ ಚುಕ್ಕೆ ಕೆಂಪಾಯಿತು. ನಿಂತ ಗಾಡಿಯಲ್ಲಿದ್ದವರ ಮೊಬೈಲಿನಿಂದ ಅವಳ ಮೇಜಿಗೆ ನೇರ ಕರೆ ಬಂತು.

"ಮೇಡಂ, ನಾ ಲಕ್ಷ್ಮೇಶ್ವರದ ಮೌನೇಶ ಬಡಿಗೇರ. ಗ್ಯಾರೇಜ್ ಐತ್ರಿ ನಂದು. ಗಾಡಿ ನಮ್ಮ ಬಾಜೂ ಮನಿ ಗುರುಪಾದಪ್ಪ ಕಾಕಾರದು. ಕಲಾವತಿ ಕಾಕೂಗ ಲಕ್ವಾ ಹೊಡದೈತಿ. ಬಲಗಡೆ ಕೈಕಾಲು ಬಿದ್ದಾವ, ಬಾಯಿ ನಿಂತೈತಿ. ಕಾಕಾರ ಕೈ ನಡಗ್ತಾವಂತ ನಾ ಗಾಡಿ ಹೊಡ್ಯಾಕ ಬಂದೇನಿ. ಗದಗಿಗೆ ಹೊಂಟಿದ್ವಿ, ಮುಳಗುಂದದ ಈಚೆ ಗಾಡಿ ನಿಂತುಬಿಟ್ಟೈತಿ. ಬೀಗ ತಗೀರಿ."

"ಯಾವಾಗಿಂದ ಹಿಂಗ?"

"ಆರೂಕಾಲಕ್ಕ ಚಾ ಕುಡದು ನೆಟ್ಟಗ ಮಾತಾಡ್ಯಾರ. ಏಳಕ್ಕ ನೋಡಿದ್ರ ಬಿದ್ದಿದ್ರು. ನಾಲ್ಕೂವರಿ ತಾಸಿನಾಗ ಇಂಜೆಕ್ಷನ್ ಆಗ್ಬೇಕಂತ ಡಾಕ್ಟ್ರು ಹೇಳ್ಯಾರ. ಅಂದ್ರ ಹತ್ತೂ ಮುಕ್ಕಾಲು. ಅದಕ್ಕೂ ಮೊದಲ ತಲಿ ಸ್ಕ್ಯಾನ್ ಆಗ್ಬೇಕು."

"ಆಂಬುಲೆನ್ಸ್ ಕರೀಲಿಲ್ಲೇನ್ರಿ?"

"ನಮ್ಮ ತಾಲೂಕಿನ ಎರಡೂ ಆಂಬುಲೆನ್ಸಿಗೆ ಮುಂಜಾನೆ ನೀವ ಬೀಗ ಹಾಕೀರಿ. ನಿನ್ನೆ ಸರ್ವಿಸ್ ಆಗಿದ್ವು. ಬರ್ತಾವ, ಬರ್ತಾವಂತ ದಾರಿ ಕಾದು ಇಷ್ಟೊತ್ತಾತು. ಗದಗಿಂದ ಒಂದು ಬಿಟ್ಟಾರಂತ, ಅದು ಬರಾಕ ಇನ್ನ ಮೂವತ್ತೈದು ಮಿನಿಟು. ಹೊಳ್ಳಿ ಹೋಗಾಕ ಮತ್ತಿಷ್ಟು. ಇಲ್ಲಿ ರಸ್ತೆದಾಗ ಬರೇ ಉಳ್ಳಾಗಡ್ಡಿ ಲಾರಿ ಹೊಂಟಾವ, ಯಾರೂ ನಿಂದರವಲ್ರು."

ದ್ರಾಕ್ಷಾಯಣಿ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೀಗ ತೆಗೆಯುವ ಸಂಕೇತ ಅವಳಿಗೆ ಬಾಯಿಪಾಠ. ಆರು ಅಂಕಿ ಒತ್ತಿದರೆ ಮುಗಿಯಿತು. ಎಣ್ಣೆಯಲ್ಲಿ ನಿಜಕ್ಕೂ ನೀರಿದ್ದರೆ ಮಾತ್ರ, ಆ ಮೂವರೂ ಇನ್ನು ಹದಿನೈದು ನಿಮಿಷದಲ್ಲಿ ಯಾವುದೋ ತಿರುವಿನಲ್ಲಿ ಮಗುಚಿ ಬಿದ್ದಿರುತ್ತಾರೆ.

"ಆಯಿಲ್ ಯಾವಾಗ ಬದಲ್ ಮಾಡೀರಿ?"

"ನಿನ್ನೆ ಸಂಜಿ. ನಾನ ಮಾಡೇನಿ. ಹೊಸಾ ಹೊಂಗಿ ಆಯಿಲ್."

"ಖರೆ ಹೇಳ್ರಿ ಮೌನೇಶ. ನಿಮ್ಮ ಲೈಸೆನ್ಸ್ ಮಾತು ನಾ ಎತ್ತಂಗಿಲ್ಲ. ಆ ಗಾಡಿ ರೇಡಿಯೇಟರದಾಗ ನೀರು ಕಡಿಮಿ ಆಗಿದ್ದು ಏನರೆ ಐತೇನು?"

ಹಿಂದೆ ಗುರುಪಾದಪ್ಪ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದುದು ಕೇಳಿಸುತ್ತಿತ್ತು.

"ಹೋದ ತಿಂಗಳು ಅರ್ಧ ಇಳಿದಿತ್ರಿ," ಎಂದ ಮೌನೇಶ. "ಎಲ್ಲಿ ಸೋರ್‍ಯದ ಅಂತ ಹುಡುಕಿದೆ, ಸಿಗಲಿಲ್ಲ. ತುಂಬಿಸಿ ಕಳಿಸಿದ್ದೆ. ನಿಮ್ಮ ಮುಂದ ಯಾಕ ಸುಳ್ಳು ಹೇಳ್ಲಿ?"

ಹೊರಗೆ ಸೋರದ ನೀರು ಒಳಗೇ ಸೋರಿರಬಹುದು. ಯಂತ್ರ ಹೇಳುತ್ತಿರುವುದು ಅದನ್ನೇ.

ಆದರೂ ಪರದೆಯ ಮೇಲೆ ಆ ನಲವತ್ತೆರಡು ಗಾಡಿಗಳ ಅಳತೆಯನ್ನೇ ಎಳೆದುಕೊಂಡಳು. ಪ್ರತಿ ಎಂಜಿನ್ನಿನ ತಳದಲ್ಲೂ ಎಣ್ಣೆಯಲ್ಲಿ ಮುಳುಗಿದ ಬೆರಳುದ್ದದ ಸೆನ್ಸರ್ ಇರುತ್ತದೆ. ಅದು ಎಣ್ಣೆಯೊಳಗೆ ತುಸು ವಿದ್ಯುತ್ ಹಾಯಿಸಿ, ಎಣ್ಣೆ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯುತ್ತದೆ. ನೆಲದಾಳದಿಂದ ತೆಗೆದ ಎಣ್ಣೆಯದು ಎರಡೂಕಾಲರ ಆಸುಪಾಸು. ನೀರು ಅದಕ್ಕಿಂತ ಎಷ್ಟೋ ಪಟ್ಟು ಹಿಡಿಯುವುದರಿಂದ, ಸ್ವಲ್ಪ ಬೆರೆತರೂ ಅಂಕಿ ಮೂರು ದಾಟುತ್ತದೆ. ದಾಟಿದರೆ ದೀಪ.

ಅವಳು ಅಂಕಿಗಳನ್ನು ಮೇಲಿಂದ ಕೆಳಗೆ ಓದಿದಳು. ಮೂರು ಪಾಯಿಂಟ್ ಒಂದು. ಮೂರು ಪಾಯಿಂಟ್ ಒಂದು. ಮೂರು ಪಾಯಿಂಟ್ ಒಂದು. ಆಂಬುಲೆನ್ಸುಗಳದೂ ಅಷ್ಟೇ. ತನ್ನ ಮನೆಯ ಗಾಡಿಯದೂ ಅಷ್ಟೇ. ಮುಳಗುಂದದ ಹತ್ತಿರ ನಿಂತ ಗಾಡಿಯದೂ ಅಷ್ಟೇ.

ನಲವತ್ತೆರಡು ಜನಕ್ಕೆ ಜ್ವರ ಬಂದರೆ ಎಲ್ಲರಿಗೂ ಒಂದೇ ಡಿಗ್ರಿ ಬರುತ್ತದೆಯೇ? ನೀರು ಸೋರಿದ್ದರೆ ಒಂದರಲ್ಲಿ ಲೋಟದಷ್ಟು, ಇನ್ನೊಂದರಲ್ಲಿ ಚಮಚದಷ್ಟು ಇರಬೇಕಿತ್ತು. ಹೊಂಗೆ ಮರದ ಬೀಜದ ಎಣ್ಣೆಯ ಗುಣವೇ ಬೇರೆ. ಒಂದು ಹನಿ ನೀರಿಲ್ಲದೆಯೂ ಅದು ವಿದ್ಯುತ್ತನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತಿರಬೇಕು. ಹತ್ತು ವರ್ಷ ಒಂದೇ ಜಾತಿಯ ಎಣ್ಣೆ ನೋಡಿ ಕಲಿತ ಯಂತ್ರಕ್ಕೆ ಹೊಸ ಎಣ್ಣೆಯ ಗುರುತಿಲ್ಲ.

ಮೌನೇಶನನ್ನು ಲೈನಿನಲ್ಲೇ ಇರಿಸಿ, ಇನ್ನೊಂದು ಫೋನಿನಲ್ಲಿ ಇನಾಮದಾರರಿಗೆ ಅದನ್ನೇ ಹೇಳಿದಳು.

"ಇದು ನಿಮ್ಮ ಅಂದಾಜು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಲವತ್ತೊಂದು ಗಾಡಿ ಸುಳ್ಳು ಇರಬಹುದು. ಈ ಒಂದು ಖರೆ ಇದ್ರ? ರೇಡಿಯೇಟರ್ ನೀರು ಇಳಿದಿದ್ದು ನೀವ ಹೇಳ್ತೀರಿ. ಅಂದಾಜಿನ ಮ್ಯಾಲೆ ಬೀಗ ತಗೀಬಾರ್ದು ಅಂತ ನಿಯಮ ಬರದವ್ರೂ ನೀವ."

ಹಾಗಾದರೆ ಅಂದಾಜು ಸಾಲದು, ಪುರಾವೆ ಬೇಕು. ಗಂಟೆ ಒಂಬತ್ತೂ ನಲವತ್ತೊಂಬತ್ತು.

"ಮೌನೇಶ, ಅಲ್ಲಿ ಸುತ್ತಮುತ್ತ ಒಲಿ ಹೊತ್ತಿದ್ದು ಎಲ್ಲೆರೆ ಐತೇನು?"

"ಎದುರಿಗೆ ಒಂದು ಖಾನಾವಳಿ ಐತ್ರಿ. ರೊಟ್ಟಿ ಬಡ್ಯಾಕತ್ತಾರ."

"ಓಡ್ರಿ. ಆಯಿಲ್ ಉಳದಿದ್ದ ಡಬ್ಬಿ ಗಾಡ್ಯಾಗ ಐತಿಲ್ಲೋ? ಅದನ್ನ ತಗೋರಿ. ಎಂಜಿನ್ ಆಯಿಲ್ ಅಳಿಯೋ ಕಡ್ಡೀನೂ ತಗೋರಿ. ಕಾದ ಹಂಚಿನ ಮ್ಯಾಲೆ ಎಂಜಿನ್ನಿಂದು ಒಂದು ಹನಿ ಬಿಡ್ರಿ. ನೀರಿದ್ರ ಚಟಪಟ ಅಂತೈತಿ. ನನಗ ಕೇಳ್ಸಂಗ ಫೋನ್ ಹಿಡೀರಿ."

ಅವನ ಚಪ್ಪಲಿಯ ಸದ್ದು, ಲಾರಿಯೊಂದು ಹಾದುಹೋದ ಗಾಳಿ, ಆಮೇಲೆ ಒಬ್ಬ ಮುದುಕಿಯ ದನಿ: "ಏ ಯಪ್ಪಾ, ಅನ್ನ ಬೇಯ್ಸೋ ಜಾಗಾ ಇದು. ಗಾಡಿ ಎಣ್ಣಿ ಸುರೀಬ್ಯಾಡ." ಮೌನೇಶ ಏದುಸಿರು ಬಿಡುತ್ತ ಏನೋ ಹೇಳಿದ. ಮುದುಕಿ ಅಂದಳು: "ರೊಟ್ಟಿ ತಗದೇನಿ. ಹಾಕು."

ಒಂದು ಕ್ಷಣ. ನಂತರ ಫೋನಿನಲ್ಲಿ ಸ್ಪಷ್ಟವಾಗಿ ಚಟ್, ಚಟಪಟ ಎಂದಿತು.

ದ್ರಾಕ್ಷಾಯಣಿ ಕಣ್ಣು ಮುಚ್ಚಿದಳು. ಮುಗಿಯಿತು. ಯಂತ್ರ ಹೇಳಿದ್ದೇ ಸರಿ. ಇನ್ನು ಆಂಬುಲೆನ್ಸಿನ ದಾರಿ ಕಾಯುವುದೊಂದೇ. ಆ ಹೆಂಗಸು ಬದುಕಿದರೂ ಜೀವಮಾನವಿಡೀ ಹಾಸಿಗೆಯಲ್ಲಿ.

ಆದರೆ ಅವಳೂ ದಿನಾ ರೊಟ್ಟಿ ಬಡಿಯುವವಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಹಚ್ಚುವುದು ಇದ್ದಕ್ಕಿದ್ದಂತೆ ಕಣ್ಣಿಗೆ ಕಟ್ಟಿತು.

"ಮೌನೇಶ, ಹಂಚು ಹಸಿ ಇತ್ತೇನು? ಆಕೀನ ಕೇಳ್ರಿ."

ಮುದುಕಿಯೇ ಉತ್ತರಿಸಿದಳು. "ನೀರು ಹಚ್ಚದ ರೊಟ್ಟಿ ಹೆಂಗ ಬೇಯ್ತೈತಿ ತಂಗಿ? ಹಂಚಿನ ಅಂಚಿಗೆ ಹಸೀ ಐತಿ."

"ಒಣಾ ಆಗೂಮಟ ಕಾಯ್ಸ್ರಿ. ಈಗ ಮೂರು ಹನಿ ಬೇಕು. ಒಂದು ಡಬ್ಬೀದು. ಒಂದು ಡಬ್ಬೀ ಆಯಿಲಿಗೆ ಬೇಕಂತ ನೀರು ಕಲಸಿದ್ದು. ಕಡೀಕ ಎಂಜಿನ್ನಿಂದು. ಕಡ್ಡಿ ಒಣ ಬಟ್ಟೀಲೆ ಒರಸಿ ಮತ್ತೊಮ್ಮೆ ಅದ್ದಿ ತರ್ರಿ."

ಹಂಚು ಒಣಗಲು ಹಿಡಿದ ಎರಡು ನಿಮಿಷ ಅವಳಿಗೆ ಎರಡು ತಾಸಾದವು. ರಸ್ತೆಯ ಆಚೆ ಗಾಡಿಯೊಳಗೆ ಗುರುಪಾದಪ್ಪ ಒಬ್ಬನೇ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ. ತಾವೇಕೆ ನಿಂತಿದ್ದೇವೆ ಎಂಬುದು ಅವನಿಗೆ ಅರ್ಥವಾಗಿರುವುದಿಲ್ಲ.

"ಡಬ್ಬೀದು ಬಿಡಾಕತ್ತೇನಿ."

ಸದ್ದಿಲ್ಲ.

"ಹೊಗಿ ಬರ್ತೈತಿ, ಮತ್ತೇನಿಲ್ಲ. ಇದು ನೀರು ಕಲಸಿದ್ದು."

ಚಟಪಟ ಎಂದು ಹನಿ ಸಿಡಿಯಿತು. ಮುದುಕಿ "ಹಾಂ" ಎಂದಳು.

"ಈಗ ಎಂಜಿನ್ನಿಂದು."

ದ್ರಾಕ್ಷಾಯಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಒಲೆ ಉರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಏನೂ ಅನ್ನಲಿಲ್ಲ ಮೇಡಂ."

"ಮತ್ತೊಂದು ಹನಿ."

"ಏನೂ ಇಲ್ಲ. ಬರೇ ಹೊಗಿ."

"ಗಾಡಿಗೆ ಹೋಗ್ರಿ," ಎಂದಳು. ಆರು ಅಂಕಿ ಒತ್ತಿದಳು. ಕಾರಣ ಬರೆಯುವ ಜಾಗದಲ್ಲಿ 'ನನ್ನ ಹೊಣೆ' ಎಂದಷ್ಟೇ ಬರೆದಳು. ಗಡಿಯಾರ ಒಂಬತ್ತೂ ಐವತ್ತೊಂಬತ್ತು ತೋರಿಸುತ್ತಿತ್ತು. "ಎಪ್ಪತ್ತರ ಮ್ಯಾಲೆ ಹೋಗಬ್ಯಾಡ್ರಿ. ಎಣ್ಣಿ ಒತ್ತಡ ನಾ ಇಲ್ಲಿಂದ ನೋಡ್ತಿರ್ತೀನಿ. ನಾ ನಿಲ್ಲಿಸು ಅಂದ್ರ ಆ ಕ್ಷಣಾನೇ ಕ್ಲಚ್ ಒತ್ತಿ ಬದೀಗೆ ತಗೋಬೇಕು. ಯಾಕಂತ ಕೇಳಬಾರ್ದು."

"ಕೇಳಂಗಿಲ್ರಿ."

ಕೆಂಪು ಚುಕ್ಕೆ ಚಲಿಸತೊಡಗಿತು. ಅವಳು ಕುರ್ಚಿಯ ತುದಿಗೆ ಜಾರಿ, ಒತ್ತಡದ ಅಂಕಿಯನ್ನೇ ನೋಡುತ್ತ ಕೂತಳು. ನೀರಿದ್ದರೆ ಎಂಜಿನ್ ಬಿಸಿಯಾದಂತೆ ಅದು ಇಳಿಯಬೇಕು. ಮುಳಗುಂದದ ಪೇಟೆಯಲ್ಲಿ ಒಮ್ಮೆಲೇ ಅರ್ಧಕ್ಕೆ ಬಿತ್ತು. ಬೆರಳು ಬೀಗದ ಗುಂಡಿಯ ಮೇಲೆ ಹೋಯಿತು.

"ಎಮ್ಮಿ ಅಡ್ಡ ಬಂದಾವ, ನಿಧಾನ ಮಾಡೇನಿ," ಎಂದ ಮೌನೇಶ.

ಗಾಡಿ ನಿಧಾನವಾದರೆ ಒತ್ತಡ ಇಳಿಯುವುದು ಸಹಜ. ಎಮ್ಮೆಗಳು ದಾಟಿದವು, ಅಂಕಿ ಮತ್ತೆ ಏರಿತು, ಏರಿದಲ್ಲೇ ನಿಂತಿತು. ಆಮೇಲಿನ ಇಪ್ಪತ್ತು ಕಿಲೋಮೀಟರ್ ಅವಳು ನೀರು ಸಹ ಕುಡಿಯಲಿಲ್ಲ. ಹತ್ತೂ ಇಪ್ಪತ್ತಮೂರಕ್ಕೆ ಚುಕ್ಕೆ ಗದಗಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಇಂಜೆಕ್ಷನ್ ಆದದ್ದು ಹತ್ತೂ ನಲವತ್ತೆರಡಕ್ಕೆ ಎಂದು ಮೌನೇಶ ಆಮೇಲೆ ತಿಳಿಸಿದ.

ಆ ಸಂಜೆಯೊಳಗೆ ಪ್ರಯೋಗಶಾಲೆಯವರು ಹೊಂಗೆ ಆಯಿಲನ್ನು ಅಳೆದು, ಅವಳ ಅಂದಾಜು ಸರಿ ಎಂದರು. ಯಂತ್ರಕ್ಕೆ ಹೊಸ ಎಣ್ಣೆಯ ಗುರುತು ಕಲಿಸಿದರು. ಅಷ್ಟರಲ್ಲಿ ಬೀಗ ಬಿದ್ದ ಗಾಡಿಗಳು ಮುನ್ನೂರು ದಾಟಿದ್ದವು, ಎಲ್ಲವೂ ಬಿಡುಗಡೆಯಾದವು. ದ್ರಾಕ್ಷಾಯಣಿಯ ಕೈಗೆ ಮಾತ್ರ ಒಂದು ಕಾಗದ ಬಂತು. ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಬೀಗ ತೆಗೆದದ್ದಕ್ಕೆ ವಿಚಾರಣೆ, ಅದು ಮುಗಿಯುವ ತನಕ ರಜೆ. ಸಹಿ ಇನಾಮದಾರರದು. ಸಹಿ ಮಾಡುವ ಮುನ್ನ ಅವರು ಫೋನ್ ಮಾಡಿ, "ನಾ ಅಲ್ಲಿದ್ರ ಏನು ಮಾಡ್ತಿದ್ದೆ ಅಂತ ನನಗ ಗೊತ್ತಿಲ್ಲ," ಎಂದಿದ್ದರು.

ಮನೆಯಲ್ಲಿ ವಿರೂಪಾಕ್ಷ ಅನ್ನ, ಬೇಳೆಸಾರು ಮಾಡಿಟ್ಟಿದ್ದ. ಅವಳು ತಾಟಿನ ಮುಂದೆ ಕೂತು ಎಲ್ಲ ಹೇಳಿದಳು.

"ಸರಿ ಮಾಡೀದಿ ಬಿಡು," ಎಂದ ಅವನು.

"ಸರಿ ಆತು ಅನ್ರಿ. ಹಂಚು ಹಸೀ ಐತಿ ಅಂತ ನನಗ ಹೊಳೀದಿದ್ರ?"

ವಿರೂಪಾಕ್ಷ ಅವಳ ತಾಟಿಗೆ ಇನ್ನಷ್ಟು ತುಪ್ಪ ಹಾಕಿದ.

ಒಂಬತ್ತು ದಿನದ ಮೇಲೆ ಅವಳು ಬಸ್ ಹತ್ತಿ ಗದಗಿಗೆ ಹೋದಳು. ಕಲಾವತಿ ಇದ್ದ ವಾರ್ಡಿನ ಬಾಗಿಲಲ್ಲೇ ಮೌನೇಶ ಸಿಕ್ಕ. ತೆಳ್ಳಗಿನ ಆಳು, ಮೂವತ್ತೈದರ ಆಸುಪಾಸು. ಅವಳ ದನಿ ಕೇಳಿದ ಕೂಡಲೇ ಗುರುತು ಹಿಡಿದು ಒಳಗೆ ಕರೆದೊಯ್ದ. ಕಲಾವತಿ ಲಕ್ಷ್ಮೇಶ್ವರದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು. ದಿಂಬಿಗೆ ಒರಗಿ ಕೂತಿದ್ದಳು. ಬಲಗಾಲು ಆಡುತ್ತಿತ್ತು. ಬಲಗೈ ಮಡಿಲಲ್ಲಿ ಇಟ್ಟಲ್ಲೇ ಇತ್ತು. ಮಾತು ಬರುತ್ತಿತ್ತು, ಆದರೆ ಒಂದು ಶಬ್ದ ಬೇಕಾದರೆ ಅವಳು ಕತ್ತಲ ಕೋಣೆಯಲ್ಲಿ ಹುಡುಕುವವಳಂತೆ ಬಹಳ ಹೊತ್ತು ತಡಕಾಡುತ್ತಿದ್ದಳು.

"ಕಾಕಾ, ಅವತ್ತು ಬೀಗ ತಗದ ಮೇಡಮ್ಮಾರು ಇವ್ರು," ಎಂದ ಮೌನೇಶ.

ಗುರುಪಾದಪ್ಪ ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಧೋತರ, ವಾರ ದಾಟಿದ ಗಡ್ಡ.

"ತಗದವ್ರೂ ಇವ್ರ, ಹಾಕಿದವ್ರೂ ಇವ್ರ," ಎಂದ. "ಡಾಕ್ಟ್ರು ನನಗ ಹೇಳ್ಯಾರ. ಒಂದೊಂದು ಮಿನಿಟು ತಡಾ ಆದಂಗ ತಲ್ಯಾಗ ಒಂದಿಷ್ಟು ಸಾಯ್ತೈತಂತ. ನನ್ನ ಹೆಸರು ಕೇಳಿದ್ರ ಆಕೀಗ ಇನ್ನ ಬರವಲ್ದು. ಹದಿನೈದು ಮಿನಿಟು ನಿಲ್ಸಿದ್ರಿ ನಮ್ಮನ್ನ ರಸ್ತೆದಾಗ."

ಮೌನೇಶ ಏನೋ ಹೇಳಲು ಹೋದ. ದ್ರಾಕ್ಷಾಯಣಿ ಕೈ ಎತ್ತಿ ತಡೆದಳು. ಎಣ್ಣೆಯ ಕಥೆ, ಯಂತ್ರದ ಕಥೆ, ವಿಚಾರಣೆಯ ಕಥೆ, ಹೇಳಬೇಕೆಂದರೆ ಬೇಕಾದಷ್ಟಿತ್ತು. ಬರುವಾಗ ಬಸ್ಸಿನಲ್ಲಿ ಅವನ್ನೆಲ್ಲ ಜೋಡಿಸಿಕೊಂಡೂ ಇದ್ದಳು.

"ಹದಿನೈದಲ್ರಿ," ಎಂದಳು. "ಹತ್ತೊಂಬತ್ತು. ನಾ ದಾಖಲೆ ತಗದು ನೋಡೇನಿ."

ಗುರುಪಾದಪ್ಪ ಅವಳ ಮುಖವನ್ನೇ ನೋಡಿದ. ಕಲಾವತಿ ಎಡಗೈಯಿಂದ ಹೊದಿಕೆಯನ್ನು ಸರಿಸಿ, ಹಾಸಿಗೆಯ ಅಂಚಿನಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದಳು. ತುಟಿಗಳು ಆಡಿದವು, ಶಬ್ದ ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ಸೋತು, ಗಂಡನ ಕಡೆ ನೋಡಿದಳು.

"ಕುಂದರ್ರಿ ಅಂತಾಳ ಆಕಿ," ಎಂದ ಗುರುಪಾದಪ್ಪ. "ಕುಂದರ್ರಿ."